ಗಾಜಿನಕ್ಕನ ಮೇಲೆ ಬಂದ ಮಾತು

"ಕುವೆಟ್ ಸರಿಯಾಗಿ ತೊಳೆದಿಲ್ಲ. ಸೋಪು ಉಳಿದಿದೆ, ಅದಕ್ಕೇ ಹೀಗೆ ಹೊಳೀತಿದೆ!"

ಪ್ರೊಫೆಸರು ಇಡೀ ಪ್ರಯೋಗಾಲಯಕ್ಕೆ ಕೇಳುವಂತೆ ಹೇಳಿದಾಗ ಗಾಜಿನಕ್ಕ ಸಿಂಕಿನ ಮುಂದೆ ನಿಂತಿದ್ದಳು. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಗಾಜನ್ನೆಲ್ಲ ತೊಳೆಯುತ್ತ ಬಂದವಳಿಗೆ ಆ ಹೆಸರೇ ಅಂಟಿತ್ತು. ದ್ರಾವಣ ತುಂಬಿ ಅಳೆಯುವ, ಬೆರಳುದ್ದದ ಆ ಚೌಕ ಗಾಜಿನ ಕುವೆಟ್ಟುಗಳನ್ನಂತೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡದೆ ಅವಳು ಕೆಳಗಿಟ್ಟದ್ದಿಲ್ಲ. ಕಿವಿಯವರೆಗೂ ಸಿಟ್ಟೇರಿತು.

ಪರೀಕ್ಷೆ ನಡೆದಿದ್ದು ನೀರಿನಲ್ಲಿ ಕರಗುವ ಒಂದು ಪಾಲಿಮರಿನ ಮೇಲೆ. ಅದರ ಉದ್ದನೆಯ ಎಳೆಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟಿದರೆ, ಜೊತೆಗೆ ಬೆರೆಸಿದ ಬಣ್ಣ ಆ ಗುಂಪಿನೊಳಗೆ ನುಸುಳಿ ಹೊಳೆಯುತ್ತದೆ. ಎಳೆಗಳು ಬಿಡಿಬಿಡಿಯಾಗಿದ್ದರೆ ಮಂಕಾಗಿರುತ್ತದೆ. ಸೋಪು ಉಳಿದಿದ್ದರೆ ಅದೂ ಹೀಗೆಯೇ ಗುಂಪುಗಟ್ಟಿ ಬಣ್ಣವನ್ನು ಹೊಳೆಸಬಲ್ಲದು. ಇಷ್ಟು ತೆಳುವಾದ ದ್ರಾವಣದಲ್ಲಿ ಅವು ಗುಂಪುಗಟ್ಟುವುದೇ ಇಲ್ಲವೆಂದು ಬರೆದು ಪ್ರೊಫೆಸರು ಹೆಸರು ಮಾಡಿದ್ದರು. ಈಗ ಅವರ ವಿದ್ಯಾರ್ಥಿನಿ ಮೂರು ಸಲ ಅಳೆದಿದ್ದಳು. ಮೂರು ಸಲವೂ ಹೊಳೆದಿತ್ತು.

"ನಾಳೆಯಿಂದ ತೊಳೆಯೋಕೆ ಬೇರೆಯವರನ್ನ ನೋಡ್ತೀನಿ" ಎಂದರು ಪ್ರೊಫೆಸರು.

ವಿದ್ಯಾರ್ಥಿನಿ ಅಳತೆ ಬರೆದಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. ಅವಳ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅವರೇ.

ಗಾಜಿನಕ್ಕ ಕೈಗವಸು ಕಿತ್ತು ಮೇಜಿನ ಮೇಲೆ ಒಗೆದಳು. "ಸಾರ್, ಸೋಪು ಉಳಿದಿದ್ರೆ ಬರೀ ನೀರಲ್ಲೂ ಆ ಬಣ್ಣ ಹೊಳೀಬೇಕು ತಾನೆ? ನಾನು ತೊಳೆದಿದ್ದರಲ್ಲೇ ಹಾಕಿ ನೋಡಿ. ಹೊಳೆದ್ರೆ ನಾನೇ ಮನೆಗೆ ಹೋಗ್ತೀನಿ."

"ನನಗೇ ಪಾಠ ಹೇಳ್ತೀಯಾ?"

"ಪಾಠ ಅಲ್ಲ ಸಾರ್. ನನ್ನ ಮೇಲೆ ಹೊರಿಸಿದ್ದೀರಲ್ಲ, ಅದನ್ನ ಇಳಿಸಿ ಅಂತಿದೀನಿ."

ಅಷ್ಟರಲ್ಲಿ ವಿದ್ಯಾರ್ಥಿನಿ, ಯಾರೂ ಹೇಳದಿದ್ದರೂ, ಒಣಗಲಿಟ್ಟಿದ್ದ ಕುವೆಟ್ಟೊಂದನ್ನು ಎತ್ತಿಕೊಂಡಳು. ನೀರು, ಬಣ್ಣ ಹಾಕಿ ಹೊಳಪು ಅಳೆಯುವ ಯಂತ್ರದೊಳಗಿಟ್ಟಳು. ಪರದೆಯ ಮೇಲೆ ಗೆರೆ ನೆಲ ಕಚ್ಚಿ ಮಲಗಿತು. ಅದಕ್ಕೇ ಒಂದು ಹನಿ ಪಾಲಿಮರ್ ಬಿಟ್ಟಳು. ಗೆರೆ ಸರ್ರನೆ ಎದ್ದಿತು.

ಪ್ರೊಫೆಸರು ಪರದೆಯನ್ನೇ ನೋಡುತ್ತ ನಿಂತರು. ತಪ್ಪಾಯಿತು ಎಂಬ ಒಂದು ಮಾತು ಬಂದೀತೆಂದು ಗಾಜಿನಕ್ಕ ಕಾದಳು. ಅವರು ಫೋನ್ ಎತ್ತಿಕೊಂಡರು.

"ಹಲೋ, ರಿಪೇರಿಯವರನ್ನ ಕಳಿಸಿ. ನಮ್ಮ ಯಂತ್ರ ಕೆಟ್ಟಿದೆ."

ಗಾಜಿನಕ್ಕ ಯಂತ್ರದ ಕಡೆ ತಿರುಗಿದಳು.

"ಪಾಪ, ಇದಕ್ಕೆ ಬಾಯಿಲ್ಲ ನೋಡಿ!"