ಕಾಪಿ ಮಾಡಿದ ಕೋಡ್

ಆಸ್ಪತ್ರೆಯೊಂದರ ಸಾಫ್ಟ್‌ವೇರಿಗಾಗಿ, ರೋಗಿಗಳ ಸ್ಕ್ಯಾನ್ ಫೈಲನ್ನು ಮೌಸಿನಿಂದ ಎಳೆದು ಬೇರೆ ಫೋಲ್ಡರಿಗೆ ಹಾಕುವ ಕೋಡ್ ಬರೆದವಳು ನನ್ನ ಸಹೋದ್ಯೋಗಿ ವಾರಿಜಾ. ನಾನದನ್ನು ಹಾಗೇ ಕಾಪಿ ಮಾಡಿ, ನನ್ನ ಹೆಸರು ಹಾಕಿ, ಮೀಟಿಂಗಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದೆ. ಶುಕ್ರವಾರ ಕ್ಯಾಂಟೀನಿನಲ್ಲಿ ಅವಳೆದುರು ಹೋಗಿ ಕೂತೆ.

“ಆ ಕೋಡ್ ನಿಮ್ದು. ನಾನು ಕದ್ದೆ. ತಪ್ಪಾಯ್ತು, ವಾರಿಜಾ.”

“ಗೊತ್ತು.”

“ಮತ್ತೆ ಯಾಕೆ ಸುಮ್ನಿದ್ರಿ?”

ಅವಳು ಕಾಫಿ ಲೋಟ ಬದಿಗಿಟ್ಟಳು. ನನ್ನ ಮುಖ ನೋಡಲಿಲ್ಲ.

“ಅದರಲ್ಲೊಂದು ತಪ್ಪಿತ್ತು. ಎಳೆದ ಫೈಲು ಹೊಸ ಜಾಗದಲ್ಲಿ ಸೇವ್ ಆಗದಿದ್ರೂ ಹಳೇ ಜಾಗದಿಂದ ಅಳಿಸಿಹೋಗುತ್ತೆ. ನನ್ನ ಹತ್ರ ಇದ್ದದ್ದನ್ನ ಸರಿ ಮಾಡ್ಕೊಂಡೆ. ಸಿಟ್ಟಿತ್ತು, ನಿಮಗೆ ಹೇಳ್ಲಿಲ್ಲ.”

“ಆ ತಪ್ಪು ಯಾವತ್ತು ಗೊತ್ತಾಯ್ತು?”

“ಸೋಮವಾರ.”

ಆಸ್ಪತ್ರೆಯವರು ನನ್ನ ಹೆಸರಿನ ಆ ಕೋಡನ್ನು ಬಳಸತೊಡಗಿದ್ದು ಮಂಗಳವಾರ.