ನಾಲ್ಕು ಬೆರಳು ತಗ್ಗು

ಮುಂಡಪ್ಪ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಂಚಿನವರೆಗೆ ಸುಲೈಮಾನಿ ಚಹಾ ತುಂಬಿದ ಗ್ಲಾಸಿಟ್ಟು, ಹಿದ್‌ನಲ್ಲಿದ್ದ ತನ್ನ ಗ್ಯಾರೇಜಿನಿಂದ ಹೊರಟು ಏಳು ರೌಂಡ್‌ಅಬೌಟ್ ಸುತ್ತಿ ವಾಪಸ್ ಬಂದ. ಒಂದು ಹನಿ ಚೆಲ್ಲಲಿಲ್ಲ. ಚೆಲ್ಲುವ ಮಾತು ಹಾಗಿರಲಿ, ಚಹಾದಲ್ಲಿ ತೇಲುತ್ತಿದ್ದ ಪುದೀನ ಎಲೆಗೆ ಜೋಂಪು ಹತ್ತಿತ್ತು.

“ನೋಡಿ ಉಮ್ಮರಾಕ, ಇಡೀ ಬಹರೈನ್‌ನಲ್ಲಿ, ಬೇಕಾದ್ರೆ ಸೇತುವೆ ದಾಟಿ ಸೌದಿಯನ್ನೂ ಸೇರಿಸಿ, ಇಂಥ ಕೆಲಸ ಮಾಡುವ ಕೈ ಇದೊಂದೇ.”

ರಿಫಾದಲ್ಲಿ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ ಇಟ್ಟಿದ್ದ ಉಮ್ಮರ್ ಕುಂಞಿ ಚಹಾದ ಕಡೆ ನೋಡಲೇ ಇಲ್ಲ. ಬಗ್ಗಿ ತನ್ನ ಕಾರಿನ ಹೊಟ್ಟೆ ನೋಡುತ್ತಿದ್ದ. ಎಪ್ಪತ್ತನೇ ಇಸವಿಯ ಅಮೆರಿಕನ್ ಮಸಲ್ ಕಾರು ಅದು. ಸ್ಟಾರ್ಟ್ ಮಾಡಿದರೆ ಅಂಗಡಿಯ ಟ್ರೇಯಲ್ಲಿದ್ದ ಮೊಟ್ಟೆಗಳೊಳಗೆ ಮರಿಗಳು ಎಚ್ಚರಾಗುತ್ತಿದ್ದವು. ನೇರ ರಸ್ತೆಯಲ್ಲಿ ಬಾಣ. ತಿರುವು ಬಂತೆಂದರೆ ಮಾತ್ರ ಸರಕು ತುಂಬಿದ ಮಂಜಿ ದೋಣಿಯ ಹಾಗೆ ವಾಲಿ ಆಕಾಶ ತೋರಿಸುತ್ತಿತ್ತು. ಎಂಟು ತಿಂಗಳ ಹಿಂದೆ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ಅವನ ಹೆಂಡತಿ ಝೈನಬ ಆಸ್ಪತ್ರೆಯಿಂದ ಅದರಲ್ಲೇ ಮನೆಗೆ ಬಂದು, “ನಾನು ಸತ್ತರೆ ನನ್ನ ಮಯ್ಯತ್ತನ್ನೂ ಇದರಲ್ಲಿ ಹಾಕಬೇಡಿ” ಎಂದು ಹೇಳಿಬಿಟ್ಟಿದ್ದಳು. ಅವಳು ಕೂರದ ಕಾರು ತನಗೂ ಬೇಡವೆಂದು ಉಮ್ಮರ್ ಕುಂಞಿ ಮಾರಲು ಹೊರಟಿದ್ದ. ಅದ್ಲಿಯಾದ ಹೋಟೆಲಿನವನೊಬ್ಬ ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಮಧ್ಯೆ ಬಾಯಿ ಹಾಕಿ, ಮೂರು ವಾರ ಸಮಯ ಕೇಳಿಕೊಂಡು, ಚಾಸಿಗೆ ಉಕ್ಕಿನ ಪಟ್ಟಿ, ಹೊಸ ಸ್ಪ್ರಿಂಗು, ವಾಲದ ಹಾಗೆ ಹಿಡಿಯುವ ತೋಳುದಪ್ಪದ ಸರಳು ಎಲ್ಲ ಕೂರಿಸಿದವನು ಮುಂಡಪ್ಪ.

“ಎಲ್ಲ ಒರಿಜಿನಲ್ ಇದ್ದದ್ದು ಮಾರಾಯ,” ಉಮ್ಮರ್ ಕುಂಞಿ ನಿಟ್ಟುಸಿರಿಟ್ಟ. “ಹಳೇ ಗಾಡಿಗೆ ಹೀಗೆ ಹೊಸ ಎಲುಬು ಹಾಕಿದ್ರೆ ಅದು ಅದೇ ಗಾಡಿಯಾ?”

ಗ್ಯಾರೇಜಿನ ಕುರ್ಚಿಯಲ್ಲಿ ಕೂತಿದ್ದ ಝೈನಬ ತಲೆ ಎತ್ತಿದಳು. “ನನ್ನ ಮೊಣಕಾಲೂ ಒರಿಜಿನಲ್ ಅಲ್ಲ. ನಾನು ಬೇರೆಯವಳಾ ಹಾಗಾದ್ರೆ?”

ಉಮ್ಮರ್ ಕುಂಞಿ ಕಾರಿನ ಆ ಬದಿಗೆ ಹೋದ. ಬಾಗಿಲು ತೆರೆದು ಹಿಡಿದ. ಝೈನಬ ಕೂತಳು. ಇಬ್ಬರೂ ಹೋದರು. ಮುಂಡಪ್ಪ ಇಪ್ಪತ್ತು ನಿಮಿಷ ಕಾದ, ಅಂದರೆ ಸುಮಾರು ಇಪ್ಪತ್ತು ವರ್ಷ. ಕಾರು ಮರಳಿದಾಗ ಝೈನಬಳ ಮುಖ ಹಬ್ಬದ ಬೆಳಗಿನಂತಿತ್ತು. “ಮುಂಡಪ್ಪಣ್ಣ, ಹೊಟ್ಟೆ ತೊಳೆಸ್ಲೇ ಇಲ್ಲ!” ಎಂದವಳೇ ಬಾಗಿಲು ತೆರೆದು ಕಾಲು ಹೊರಗಿಟ್ಟಳು. ಏಳಲು ನೋಡಿದಳು. ಆಗಲಿಲ್ಲ. ಮತ್ತೆ ನೋಡಿದಳು. ಸೀಟು ಅವಳನ್ನು ಮೆತ್ತಗೆ ವಾಪಸ್ ಎಳೆದುಕೊಂಡಿತು.

ಮುಂಡಪ್ಪ ಹಣೆ ಚಚ್ಚಿಕೊಂಡ. ರಸ್ತೆ ಕಚ್ಚಿ ಓಡಲಿ ಎಂದು ಕಾರನ್ನು ನಾಲ್ಕು ಬೆರಳು ತಗ್ಗಿಸಿದ್ದ. ತಿರುವಿನ ಲೆಕ್ಕ, ಭಾರದ ಲೆಕ್ಕ, ಪುದೀನ ಎಲೆಯ ಲೆಕ್ಕ ಎಲ್ಲ ಹಾಕಿದ್ದ, ಮೊಣಕಾಲಿನದು ಮರೆತಿದ್ದ.

ಗ್ಯಾರೇಜಿನಲ್ಲಿದ್ದ ಇನ್ನೂರು ಜನ, ಎಣಿಸಿದರೆ ವೆಲ್ಡರ್ ಆಂತೋನಿಯೂ ಸೇರಿ ಐದು ಜನ, ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಉಮ್ಮರ್ ಕುಂಞಿ ನಾಲ್ಕು ಜನರೆದುರು ಹೆಂಡತಿಯ ಕೈ ಮುಟ್ಟಿದವನಲ್ಲ. ಪೇಟೆಗೆ ಹೋದರೂ ಹತ್ತು ಹೆಜ್ಜೆ ಮುಂದೆ ನಡೆದು, ತಿರುಗಬೇಕಾದಲ್ಲಿ ಕೆಮ್ಮಿ ತಿಳಿಸುವವನು. ಈಗ ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಗ್ಯಾರೇಜಿನ ತಗಡಿನ ಸೂರನ್ನೂ ಒಮ್ಮೆ ನೋಡಿದ. ಆಮೇಲೆ ಕುದಿಯುವ ರೇಡಿಯೇಟರಿಗೆ ಕೈ ಹಾಕುವವನಂತೆ ಕೈ ಚಾಚಿದ. ಝೈನಬ ಹಿಡಿದುಕೊಂಡಳು. ಎದ್ದಳು. ಅಲ್ಲಿಂದ ಕುರ್ಚಿಯವರೆಗೆ ಹನ್ನೆರಡು ಹೆಜ್ಜೆ. ಕೈ ಬಿಡಬೇಕೆಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಅವಳು ಕೂತ ಮೇಲೆ ಉಮ್ಮರ್ ಕುಂಞಿ ಸಿಡಿದ. “ಎಂಥ ಕೆಲಸ ಮಾಡಿದ್ದು ನೀನು? ಇವಳಿಗೆ ಏಳ್ಲಿಕ್ಕೆ ಆಗದ ಗಾಡಿ ನನಗೆ ಎಂಥಕ್ಕೆ? ಅದ್ಲಿಯಾದವನಿಗೆ ಈಗಲೇ ಫೋನ್ ಮಾಡ್ತೇನೆ.”

“ಹತ್ತು ನಿಮಿಷ ಕೊಡಿ ಉಮ್ಮರಾಕ.” ಹುಟ್ಟಿದಂದಿನಿಂದ ಮುಂಡಪ್ಪ ಜಂಬವಿಲ್ಲದೆ ಆಡಿದ ಮೊದಲ ಮಾತು ಅದು. “ಸ್ಪ್ರಿಂಗಿನ ಅಡಿಯ ಬಳೆ ತಿರುಗಿಸಿದ್ರೆ ಮೊದಲಿನಷ್ಟೇ ಎತ್ತರ ಬರ್ತದೆ.”

“ಅದನ್ನು ಮುಟ್ಟಬೇಡಿ,” ಎಂದಳು ಝೈನಬ. “ಈಗ ಸರಿ ಉಂಟು.”

“ಸರಿ ಎಂಥದ್ದು? ನೀನು ಏಳುವುದು ಹೇಗೆ?”

“ನೀವಿಲ್ವಾ?”

ಉಮ್ಮರ್ ಕುಂಞಿ ಫೋನನ್ನು ಜೇಬಿಗೆ ಹಾಕಿದ.

ಒಂದು ವಾರದ ಮೇಲೆ, ಹೊಸ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕೆಂದು ಕಾರು ಮತ್ತೆ ಬಂತು. ಉಮ್ಮರ್ ಕುಂಞಿ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದ. ನೀರಿನ ಸದ್ದು ಕೇಳಿದ್ದೇ ತಡ, ಕಾರಿನಲ್ಲೇ ಕೂತಿದ್ದ ಝೈನಬ ಬಾಗಿಲು ತೆರೆದು ಹೊಸ ಪಿಸ್ಟನ್ನಿನ ಹಾಗೆ ಎದ್ದು, ಎಂಟೇ ಹೆಜ್ಜೆಯಲ್ಲಿ ಮುಂಡಪ್ಪನ ಮುಂದೆ ನಿಂತಳು. ಅವನ ಕೈಯ ಸ್ಪ್ಯಾನರ್ ಬಿದ್ದ ಸದ್ದು ರಿಫಾದವರೆಗೆ ಕೇಳಿರಬೇಕು.

“ಝೈನಬಕ್ಕ, ನಿಮ್ಮ ಮೊಣಕಾಲು...?”

“ಮೆಲ್ಲ ಮಾತಾಡಿ. ಇನ್ನೂ ಒಂದು ಇಂಚು ತಗ್ಗಿಸ್ಲಿಕ್ಕೆ ಆಗ್ತದಾ?”

ನಲ್ಲಿ ನಿಂತಿತು. ಝೈನಬ ಸರಸರನೆ ಹೋಗಿ ಸೀಟಿನಲ್ಲಿ ಕುಸಿದು, ಶಾಲು ಸರಿಮಾಡಿಕೊಂಡು, ಬಾಗಿಲಿನಿಂದ ಒಂದು ಕೈ ಹೊರಗೆ ಚಾಚಿದಳು. ಉಮ್ಮರ್ ಕುಂಞಿ ಅವಸರವಸರವಾಗಿ ಬಂದ. ಈಗಷ್ಟೇ ಸೋಪು ಹಾಕಿ ತೊಳೆದ ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ.