ಸರಟೋಗಾದ ಸಮುದ್ರ

ಬೆಳಿಗ್ಗೆ ಆಫೀಸಿಗೆ ಹೊರಟಾಗ ಮುಖ ನೋಡಿಕೊಂಡು ಕ್ರಾಪು ತೆಗೆಯುವಷ್ಟು ತಿಳಿಯಾಗಿದ್ದ ನೀರು, ಸಂಜೆ ಬಂದು ನೋಡಿದರೆ ಹುರುಳಿಕಟ್ಟಿನ ಸಾರಾಗಿತ್ತು. ತಿರುಮಲೇಶನ ಕೈಯಿಂದ ಬ್ರೀಫ್‌ಕೇಸು ಜಾರಿ ಅವನ ಕಾಲ ಮೇಲೆಯೇ ಬಿತ್ತು. ನೋವು ಗೊತ್ತಾದದ್ದು ಮರುದಿನ.

ಎಂಬತ್ತಾರರಲ್ಲಿ ಸರಟೋಗಾ ಗುಡ್ಡದ ಆ ಮನೆಯಲ್ಲಿ ಇದ್ದದ್ದು ಅಂಥಿಂಥ ಅಕ್ವೇರಿಯಂ ಅಲ್ಲ, ಉಪ್ಪುನೀರಿನದು. ಅದರ ಪಂಪು ಹಾಕಿದರೆ ಅರ್ಧ ಕ್ಯಾಲಿಫೋರ್ನಿಯಾದ ದೀಪ ಮಂಕಾಗುತ್ತಿತ್ತು. ಒಳಗೆ ಕಿತ್ತಳೆ ಮೈಗೆ ವಿಭೂತಿಪಟ್ಟೆ ಎಳೆದುಕೊಂಡ ಒಂದು ಜೋಡಿ ಕ್ಲೌನ್ ಮೀನು. ಅವಕ್ಕಿಂತ ಮೊದಲು ಬಂದ ಮೀನುಗಳೆಲ್ಲ ಹಿತ್ತಲಿನ ಗುಲಾಬಿಗೆ ಗೊಬ್ಬರವಾಗಿದ್ದವು. ಅಂಥ ಗುಲಾಬಿ ಆ ಊರಲ್ಲೇ ಇನ್ನೊಂದಿರಲಿಲ್ಲ. ಈ ಜೋಡಿಯೂ ಸತ್ತರೆ ಟ್ಯಾಂಕು ಹಳೇ ಸಾಮಾನಿನ ಜೊತೆ ಗರಾಜ್ ಸೇಲಿಗೆ ಎಂದು ಹೆಂಡತಿ ಪದ್ಮಜಾ ತೀರ್ಪು ಕೊಟ್ಟಾಗಿತ್ತು. ತಿರುಮಲೇಶನೋ, ಇವು ಮೊಟ್ಟೆಯಿಟ್ಟೇ ಇಡುತ್ತವೆ ಎಂದು ಬೇ ಏರಿಯಾದ ಕನ್ನಡಿಗರಿಗೆಲ್ಲ ಸಾರಿಬಿಟ್ಟಿದ್ದ. ಮನೆಗೆ ಯಾರೇ ಬರಲಿ, ಗಾಜು ತಟ್ಟಿ, "ಇದು ಟ್ಯಾಂಕಲ್ಲ ಕಣ್ರೀ, ಸಮುದ್ರ. ಪೆಸಿಫಿಕ್ಕಿಗೂ ಇದಕ್ಕೂ ಒಂದು ಹನಿ ವ್ಯತ್ಯಾಸ ಇದ್ರೆ ತೋರಿಸಿ" ಎನ್ನುತ್ತಿದ್ದ. ಮೈಸೂರಿನಿಂದ ಬಂದಿದ್ದ ಅತ್ತೆ ವೇದವತಮ್ಮನಿಗೂ ಅದನ್ನೇ ಹೇಳಿದ್ದ.

ಫೋನು ಮಾಡಿದ್ದೇ ತಡ, ಗೆಳೆಯ ರಘೋತ್ತಮ ಐವತ್ತು ಮೈಲಿ ದೂರದ ವಾಲ್ನಟ್ ಕ್ರೀಕಿನಿಂದ ಹಾರಿ ಬಂದ. ಫೋನಿನ ಸುರುಳಿ ವೈರು ತೂಗಾಡುವುದು ನಿಲ್ಲುವುದರೊಳಗೆ ಬಾಗಿಲಲ್ಲಿದ್ದ. ಫ್ರೀವೇ ಪೊಲೀಸರು ಆ ಕಾರನ್ನು ಇವತ್ತಿಗೂ ಹುಡುಕುತ್ತಿದ್ದಾರೆ. ಅವನೂ ಒಂದು ಕಾಲದಲ್ಲಿ ಮೀನು ಸಾಕಿ, ಕೊಂದು, ಜ್ಞಾನ ಪಡೆದವನು.

"ಬೆಳ್ಳಗಿದ್ರೆ ಬ್ಯಾಕ್ಟೀರಿಯಾ. ಹಸಿರಾಗಿದ್ರೆ ಪಾಚಿ. ಹಳದಿ ಆಗಿದ್ರೆ ಫಿಲ್ಟರಿನ ಇದ್ದಿಲು ಮುಗಿದಿದೆ," ಎಂದ ರಘೋತ್ತಮ, ಗಾಜಿಗೆ ಮೂಗು ಒತ್ತಿ. "ಇದು ಯಾವ ಬಣ್ಣ ಗುರೂ?"

"ಕೆಂಪು. ಅಲ್ಲ, ಹಳದಿ. ಹೋಗ್ಲಿ, ಕಂದು ಅನ್ನು."

"ಮೀನೆಲ್ಲಿ?"

"ಅದೇ ಕಾಣ್ತಿಲ್ವೋ."

ಉಪ್ಪು ಅಳೆದರು, ಸರಿಯಿತ್ತು. ಅಮೋನಿಯಾ ಪರೀಕ್ಷೆಗೆ ಗಾಜಿನ ನಳಿಗೆಯಲ್ಲಿ ಔಷಧಿ ಹನಿಸಿದರು. ಅದು ಯಾವ ಬಣ್ಣಕ್ಕೆ ತಿರುಗಿತೆಂದು ಆ ಕೆಸರು ಹೇಳಗೊಡಲಿಲ್ಲ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದವರೂ ಇಷ್ಟು ತಲೆ ಕೆಡಿಸಿಕೊಂಡಿರಲಾರರು. ಸೋಫಾದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ವೇದವತಮ್ಮ "ಕಾಫಿ ಮಾಡ್ಲಾ?" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ತಿರುಮಲೇಶ ಫಿಲ್ಟರು ಬಿಚ್ಚಿದ. ಅದರ ಬಾಯಿಗೆ ಹಸಿರು ಎಳೆಗಳ ಒಂದು ಗಂಟು ಸಿಕ್ಕಿಕೊಂಡಿತ್ತು.

"ಸಮುದ್ರದ ಪಾಚಿ," ರಘೋತ್ತಮ ಬೆಳಕಿಗೆ ಹಿಡಿದು ನೋಡಿದ. "ಹವಾಯಿ ಕಡೇದು. ಬಹಳ ರೇರು."

ಆಸ್ಪತ್ರೆ ಡ್ಯೂಟಿ ಮುಗಿಸಿ ಆಗಷ್ಟೇ ಒಳಗೆ ಬಂದ ಪದ್ಮಜಾ ಅದನ್ನು ಕೈಗೆ ತೆಗೆದುಕೊಂಡಳು. "ಇದು ಗರಿಕೆ."

ಮೂವರೂ ದೇವರ ಮೂಲೆಯತ್ತ ತಿರುಗಿದರು. ಹಿತ್ತಲಿನ ಜೇಡಿಮಣ್ಣಿನಲ್ಲಿ ವೇದವತಮ್ಮ ಕೈಯಾರೆ ಮಾಡಿ, ಸುಟ್ಟಮಣ್ಣಿನ ಹೂಕುಂಡವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದ್ದ ಹಬ್ಬದ ಗಣೇಶ ಅಲ್ಲಿರಲಿಲ್ಲ. ಕುಂಡವೂ ಇರಲಿಲ್ಲ.

"ಮೂರನೇ ದಿನ ಬಿಡ್ಬೇಕು ಅಂತ ಹೇಳಿದ್ನಲ್ಲ," ಎಂದರು ವೇದವತಮ್ಮ, ಬತ್ತಿಯಿಂದ ಕಣ್ಣೆತ್ತದೆ. "ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ, ಮೀಟಿಂಗು ಮುಗೀಲಿ ಅಂದ್ರು ಅಳಿಯಂದ್ರು. ಅವರ ಮೀಟಿಂಗು ಮುಗಿಯೋದು ಯಾವತ್ತು? ಮನೇಲೇ ಸಮುದ್ರ ಇಟ್ಕೊಂಡು ಊರೆಲ್ಲ ಯಾಕೆ ಸುತ್ತೋದು ಅಂತ ನಾನೇ ಆರತಿ ಎತ್ತಿ ಬಿಟ್ಟೆ. ಕುಂಡಕ್ಕೆ ಅಂಟ್ಕೊಂಡಿದ್ದ, ಕುಂಡದ ಸಮೇತ ಬಿಟ್ಟೆ. ಅರಿಶಿನ ಕುಂಕುಮಕ್ಕೂ ಕಡಿಮೆ ಮಾಡ್ಲಿಲ್ಲ. ಬಿಟ್ಮೇಲೆ ನೀರು ಕದಡದೆ ಇರುತ್ಯೇ? ಅದಕ್ಕೆ ಇಷ್ಟೊಂದು ಗಾಬರಿ ಯಾಕೆ?"

"ಅತ್ತೆ, ಅದು ಸಮುದ್ರ ಅಲ್ಲ," ತಿರುಮಲೇಶನಿಗೆ ಅಳುವೊಂದೇ ಬಾಕಿ. "ಬರೀ ಗಾಜಿನ ಡಬ್ಬ."

"ಅದನ್ನ ಮೊದ್ಲೇ ಹೇಳ್ಬಾರ್ದಿತ್ತೇ?"

ಆಮೇಲೆ ನಡೆದದ್ದು ಯುದ್ಧ. ಬಾತ್‌ಟಬ್ಬಿನಲ್ಲಿ ಹೊಸ ಉಪ್ಪುನೀರು ಕಲಸಿದ್ದಾಯಿತು. ಬಕೆಟ್ಟು, ಕುಕ್ಕರು, ಇಡ್ಲಿ ಪಾತ್ರೆ ಕೈಯಿಂದ ಕೈಗೆ ಹಾರಿದವು. ದೇವರ ನೀರು ಎಂದು ವೇದವತಮ್ಮ ಟ್ಯಾಂಕಿನ ಕೆಸರುನೀರನ್ನು ಸಿಂಕಿಗೆ ಸುರಿಯಲು ಬಿಡಲಿಲ್ಲ. ರಘೋತ್ತಮ ಹೊತ್ತೊಯ್ದು ಡ್ರೈವ್‌ವೇ ಇಳಿಜಾರಿಗೆ ಸುರಿದ. ಗುಡ್ಡದ ಕೆಳಗಿನ ಕ್ಯುಪರ್ಟಿನೋ ಊರಿನವರು ಪ್ರವಾಹವೆಂದು ಮೇಜು ಹತ್ತಿ ನಿಂತರಂತೆ. ಗರಾಜ್ ಸೇಲಿನ ಪದ್ಮಜಾಳೇ ಸೀರೆ ಎತ್ತಿ ಸಿಕ್ಕಿಸಿ, ಗಾಜಿಗೆ ಕೆನ್ನೆ ಒತ್ತಿ ಹುಡುಕುತ್ತಿದ್ದಳು. ನೀರು ಅರ್ಧ ತಿಳಿಯಾದಾಗ ಅವಳ ದನಿ ಸಣ್ಣಗೆ ಬಂತು.

"ಇವೆ. ಕಲ್ಲಿನ ಸಂದೀಲಿ. ಎರಡೂ ಇವೆ."

ಶನಿವಾರದ ಹೊತ್ತಿಗೆ ನೀರಿನಲ್ಲಿ ಮತ್ತೆ ಕ್ರಾಪು ತೆಗೆಯಬಹುದಾಗಿತ್ತು. ಗಣೇಶ ಪೂರ್ತಿ ಕರಗಿಹೋಗಿ ತಳದಲ್ಲಿ ಬೋರಲು ಕುಂಡವೊಂದೇ ಉಳಿದಿತ್ತು. ಅದನ್ನು ತೆಗೆಯಲೆಂದು ತಿರುಮಲೇಶ ಕೈ ಇಳಿಸಿದ್ದೇ, ಹೆಣ್ಣುಮೀನು ಬಂದು ಬೆರಳಿಗೆ ಬಾಯಿ ಹಾಕಿತು. ತಿಮಿಂಗಿಲವೇ ಕಚ್ಚಿದಂತೆ ಅವನು ಕೈ ಕಿತ್ತುಕೊಂಡ. ಪದ್ಮಜಾ ಬಗ್ಗಿ ನೋಡಿದಳು. ಕುಂಡದ ಮೈಗೆ, ಕೇಸರಿಬಾತಿನ ರವೆ ಅಂಟಿದ ಹಾಗೆ, ಕಿತ್ತಳೆ ಬಣ್ಣದ ಕಾಳುಗಳು.

"ಮುಟ್ಬೇಡಿ," ಎಂದಳು. "ಟ್ಯಾಂಕು ಎಲ್ಲಿಗೂ ಹೋಗಲ್ಲ."

ತಿರುಮಲೇಶ ಅಷ್ಟರಲ್ಲಿ ಫೋನು ಹಿಡಿದಿದ್ದ. "ಮೊಟ್ಟೆ ಇಡೋಕೆ ಮಣ್ಣಿನ ಕುಂಡಾನೇ ಬೇಕು ರಘು. ನಾನು ವರ್ಷದಿಂದ ಪ್ಲಾನ್ ಮಾಡಿ, ಒಳ್ಳೇ ದಿನ ನೋಡಿ ಇಡಿಸಿದ್ದು..."

"ಅಳಿಯಂದ್ರೇ," ವೇದವತಮ್ಮ ಸೋಫಾದಿಂದ ಕರೆದರು. "ಈಗ ಇದು ಸಮುದ್ರಾನೋ, ಡಬ್ಬಾನೋ? ಮುಂದಿನ ವರ್ಷಕ್ಕೆ ನಾನು ತಿಳ್ಕೊಂಡಿರ್ಬೇಕು."

ತಿರುಮಲೇಶ ರಿಸೀವರಿಗೆ ಅಂಗೈ ಮುಚ್ಚಿ ಟ್ಯಾಂಕಿನತ್ತ ನೋಡಿದ. ಗಣೇಶ ಕೂತಿದ್ದ ಕುಂಡದ ಪಕ್ಕದಲ್ಲಿ ನಿಂತು ಗಂಡುಮೀನು, ಎರಡೂ ರೆಕ್ಕೆಗಳಿಂದ, ಎಡೆಬಿಡದೆ ಚಾಮರ ಬೀಸುತ್ತಿತ್ತು.